ಇಪ್ಪತ್ತನಾಲ್ಕು ಬುಧವಾರಗಳು

ಕೆಂಪು ಬಣ್ಣ ಅವಳ ಸಾಲುಗಳ ಮೇಲೆ ಬಿದ್ದಿರಲಿಲ್ಲ.

ದಾಕ್ಷಾಯಣಿ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ಇಲ್ಲ, ಬಿದ್ದಿರಲಿಲ್ಲ. ಪರದೆಯ ತುಂಬ ಕರೂರು ಕೆರೆಯ ನೀರಿನ ಮಟ್ಟ: ಇಪ್ಪತ್ತೇಳು ವರ್ಷ, ಬುಧವಾರಕ್ಕೊಂದು ಸಾಲು, ಒಟ್ಟು ಸಾವಿರದ ನಾನೂರು ಚಿಲ್ಲರೆ. ಎಲ್ಲವೂ ಕೆಂಪು. ನಡುವೆ ಒಂದು ಕಡೆ ಮಾತ್ರ, ಸುಟ್ಟ ಹೊಲದಲ್ಲಿ ಉಳಿದ ಬದುವಿನ ಹುಲ್ಲಿನ ಹಾಗೆ, ಇಪ್ಪತ್ತನಾಲ್ಕು ಸಾಲು ಹಸಿರು.

ಅವಳು ಉಸಿರು ಬಿಟ್ಟಳು. ಇನ್ನು ನಾಚಿಕೆ ಬರಬೇಕು ಎಂದುಕೊಂಡು ಕಾದಳು. ಚಹಾ ಬಂತು. ಕುಡಿದಳು.

ಆ ಇಪ್ಪತ್ತನಾಲ್ಕು ಸಾಲು ಸುಳ್ಳು. ಉಳಿದದ್ದೆಲ್ಲ ನಿಜ. ಇದು ಗೊತ್ತಿರುವ ಜೀವ ಭೂಮಿಯ ಮೇಲೆ ತಾನೊಬ್ಬಳೇ ಎಂದು ಅವಳು ಹನ್ನೊಂದು ವರ್ಷದಿಂದ ತಿಳಿದುಕೊಂಡಿದ್ದಳು.

ಕುರುಗೋಡಿನ ಎರಡು ಕೆರೆ, ಬಾದನಹಟ್ಟಿಯದೊಂದು, ಕರೂರಿನದೊಂದು. ಈ ನಾಲ್ಕರ ನೀರಿನ ಮಟ್ಟ, ನೀರಿನ ಕಾವು, ಹಕ್ಕಿಗಳ ಎಣಿಕೆ, ಎಲ್ಲವನ್ನೂ ವರ್ಷಗಟ್ಟಲೆ ಬರೆದಿಟ್ಟುಕೊಂಡು ಬಂದ ಅಧ್ಯಯನ ಕೇಂದ್ರ ಅದು. ಬಳ್ಳಾರಿಯ ಕೋಟೆ ಗುಡ್ಡ ಕಾಣುವ ಕಿಟಕಿಯ ಪಕ್ಕ ದಾಕ್ಷಾಯಣಿಯ ಮೇಜು. ಕೆರೆಗಳನ್ನು ಅವಳು ನೋಡುವುದಿಲ್ಲ. ಕೆರೆಗಳಿಂದ ಬಂದ ಅಂಕಿಗಳನ್ನು ನೋಡುತ್ತಾಳೆ. ತಪ್ಪಿದ ತಾರೀಖು, ಜಾರಿದ ದಶಾಂಶ ಬಿಂದು, ಎರಡು ಸಲ ಬಂದ ಸಾಲು, ಇವು ಅವಳ ಕಣ್ಣಿಗೆ ಅಕ್ಕಿಯಲ್ಲಿನ ಕಲ್ಲಿನ ಹಾಗೆ ಬೀಳುತ್ತವೆ. ಅದಕ್ಕಾಗಿ ಅವಳಿಗೆ ಹೆಸರಿದೆ.

ದೇಶದ ಹದಿನಾರು ಊರುಗಳ ಕೆರೆಗಳ ಅಂಕಿಗಳನ್ನು ಒಂದೆಡೆ ಸೇರಿಸುವ ಕೆಲಸ ಈ ವರ್ಷ ಮುಗಿಯುವುದರಲ್ಲಿತ್ತು. ಇಂದು ಸಂಜೆ ಐದಕ್ಕೆ ಬಳ್ಳಾರಿಯ ಫೈಲು ಲಾಕ್ ಆಗುತ್ತದೆ. ಅದಕ್ಕೊಂದು ಕಾಯಂ ನಂಬರು ಬೀಳುತ್ತದೆ. ಆಮೇಲೆ ಬ್ರಹ್ಮ ಬಂದರೂ ಒಂದು ಅಂಕಿ ಬದಲಿಸಲಾರ. ನೂರು ವರ್ಷದ ನಂತರ ಯಾರೋ ಒಬ್ಬರು, ಇಂಥ ದಿನ ಕರೂರು ಕೆರೆಯಲ್ಲಿ ಎಷ್ಟು ನೀರಿತ್ತು ಎಂದು ಕೇಳಿದರೆ ಆ ಫೈಲು ಉತ್ತರ ಹೇಳುತ್ತದೆ.

ಲಾಕ್ ಆಗುವ ಮುಂಚೆ ಒಂದು ಯಂತ್ರಪರೀಕ್ಷೆ. ಅದರ ಫಲಿತಾಂಶವೇ ಈ ಕೆಂಪು.

"ಕರೂರು ಯಾಕ್ರಿ ಹಿಂಗ ರಕ್ತಾ ಕಾರಿಕೊಂಡೈತಿ?" ಹಿಂದಿನಿಂದ ದನಿ ಬಂತು. ಕೇಂದ್ರದ ಮುಖ್ಯಸ್ಥ ಕೊಟ್ಟೂರಪ್ಪ, ಕೈಯಲ್ಲಿ ಚಹಾದ ಲೋಟ ಹಿಡಿದು ಪರದೆಯತ್ತ ಬಾಗಿದ್ದರು.

"ಕೊನೇ ಅಂಕಿ ಪರೀಕ್ಷೆ ಸರ್. ನೂರಕ್ಕ ತೊಂಬತ್ತು ಸಲ ಸೊನ್ನೆ, ಇಲ್ಲಾ ಐದು. ಮನಿಯಾಗ ಕುಂತು ಬರದಾರ ಅಂತ ಅನುಮಾನ."

"ದುರುಗಣ್ಣನ ಮ್ಯಾಲಾ?" ಕೊಟ್ಟೂರಪ್ಪ ನಕ್ಕರು. "ಮನಿಯಾಗ ಕುಂತು ಬರಿಯೋವಷ್ಟು ತಲಿ ಇದ್ದಿದ್ರ ಅಂವ ಇಪ್ಪತ್ತೇಳು ವರ್ಷ ಕೆರಿ ಯಾಕ ಕಾಯ್ತಿದ್ದ?" ಅವರ ಬೆರಳು ಪರದೆಯ ಮೇಲೆ ಇಳಿದು ಹಸಿರಿನ ಹತ್ತಿರ ನಿಂತಿತು. "ಇಲ್ನೋಡ್ರಿ. ಈ ಆರು ತಿಂಗಳು ಮಾತ್ರ ಮನುಷ್ಯ ಎಷ್ಟು ಶ್ರದ್ಧಾದಿಂದ ಓದ್ಯಾನ!"

"ಹೌದು ಸರ್."

ಅವರು ಅವಳ ಮುಖವನ್ನು ಬೇಕಾದದ್ದಕ್ಕಿಂತ ಒಂದು ಗುಟುಕು ಹೆಚ್ಚು ಹೊತ್ತು ನೋಡಿ, ಲೋಟ ಖಾಲಿ ಮಾಡಿದರು. "ಹೋಗಿ ಅವನ ಹತ್ರ ಒಂದು ಹೇಳಿಕೆ ಬರಸ್ಕೊಂಡು ಬರ್ರಿ. ಹೆಂಗ ಓದ್ತಿದ್ದ, ಯಾಕ ಸೊನ್ನಿ, ಯಾಕ ಐದು. ಸಹಿ ಹಾಕಿಸಿ ಫೋಟೋ ಕಳಸ್ರಿ, ಕೆಂಪು ತಗಸ್ತೀನಿ. ಐದರೊಳಗ."

"ಅಮರೇಶ್ ಹೋಗಬಹುದಲ್ಲಾ ಸರ್."

"ಡೇಟಾ ನಿಮ್ಮದೈತಲ್ರೀ."

ಬಾಗಿಲ ಬಳಿ ಗುಮಾಸ್ತ ಅಮರೇಶ್ ಹಾಜರಿ ಪುಸ್ತಕದಿಂದ ತಲೆ ಎತ್ತದೆ ಹೇಳಿದ: "ಸಿರುಗುಪ್ಪದ ಬಸ್ಸು ಒಂಬತ್ತೂವರಿಗೆ ಐತ್ರಿ ಮೇಡಂ. ಅಲ್ಲಿಂದ ಕರೂರಿಗೆ ಬ್ಯಾರೆ ಬಸ್ಸು ಹತ್ತಬೇಕು."

"ಗೊತ್ತು."

"ಗೊತ್ತಿರ್ತೈತಿ ಬಿಡ್ರಿ."

*

ಬಸ್ಸಿನ ಕಿಟಕಿಯ ಎಡಕ್ಕೆ ದೂರದಲ್ಲಿ ಕುರುಗೋಡಿನ ಗುಡ್ಡಗಳು ಬಂದವು, ಹೋದವು. ಭತ್ತದ ಕೊಯ್ಲು. ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು. ಬಸ್ಸು ಉಳಿದರ್ಧದಲ್ಲಿ ಸಂಕೋಚದಿಂದ ಹೋಗುತ್ತಿತ್ತು.

ಹನ್ನೊಂದು ವರ್ಷದ ಹಿಂದೆ, ಕರೂರು ಕೆರೆಯ ಅಳತೆ ಓದುತ್ತಿದ್ದ ದುರುಗಣ್ಣ ಏರಿಯಿಂದ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದ. ದಾಕ್ಷಾಯಣಿಗೆ ಆಗ ಮೂವತ್ತು. ಕೆಲಸಕ್ಕೆ ಹೊಸಬಳು. ಅವನು ಏಳುವ ತನಕ ಪ್ರತಿ ಬುಧವಾರ ಕರೂರಿಗೆ ಹೋಗಿ, ನೀರಿನಲ್ಲಿ ನಿಲ್ಲಿಸಿದ ಅಳತೆಕಂಬ ಓದಿ ಬರುವುದು ಅವಳ ಪಾಲಿಗೆ ಬಂತು. ಎರಡು ಬುಧವಾರ ಹೋದಳು, ಓದಿದಳು, ಬಂದಳು. ಮೂರನೇ ಬುಧವಾರ ಸಿರುಗುಪ್ಪದಲ್ಲಿ ಇಳಿದಾಗ ಕರೂರಿನ ಬಸ್ಸು ಹೊರಡಲು ಗುರುಗುಡುತ್ತ ನಿಂತಿತ್ತು. ಅವಳು ಅದರ ಬಾಗಿಲ ಹತ್ತಿರದವರೆಗೆ ಹೋದಳು. ಹತ್ತಲಿಲ್ಲ.

ಯಾಕೆ ಎಂದು ಅವಳು ತನ್ನನ್ನು ಬಹಳ ಸಲ ಕೇಳಿಕೊಂಡಿದ್ದಾಳೆ. ಮಳೆ ಇರಲಿಲ್ಲ. ಮೈಗೆ ಹುಷಾರಿತ್ತು. ಮನೆಯಲ್ಲಿ ಜಗಳ ಆಗಿರಲಿಲ್ಲ. ಎತ್ತಬೇಕಾದ ಕಾಲು ಏಳಲಿಲ್ಲ, ಅಷ್ಟೆ. ಬಸ್ಸು ಹೋಯಿತು. ನಿಲ್ದಾಣದ ಎದುರಿನ ಹೋಟೆಲ್ಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದಳು. ಕೈ ತೊಳೆದುಕೊಂಡು, ಚೀಲದಿಂದ ನಮೂನೆ ತೆಗೆದು, ಹಿಂದಿನ ವಾರದ ಅಂಕಿ ನೋಡಿ, ನೂರಾ ನಲವತ್ಮೂರು ಸೆಂಟಿಮೀಟರ್ ಎಂದು ಬರೆದಳು. ನಲವತ್ತೈದು ಎಂದು ಬರೆಯಲು ಹೋದದ್ದು ಕೈಯಿಂದ ಬರಲಿಲ್ಲ; ಸುಳ್ಳು ಸಂಖ್ಯೆ ಐದರಲ್ಲೋ ಸೊನ್ನೆಯಲ್ಲೋ ಮುಗಿದರೆ ಯಾರಾದರೂ ಗುರುತು ಹಿಡಿಯುತ್ತಾರೆ ಅನ್ನಿಸಿತು. ಓದಿದವರು ಎಂಬಲ್ಲಿ ದುರುಗಣ್ಣ ಎಂದು ಬರೆದಳು. ಸುಳ್ಳಿನ ಮುಂದೆ ತನ್ನ ಹೆಸರು ಬರೆಯಲು ಅವಳಿಗೆ ಮನಸ್ಸಾಗಲಿಲ್ಲ.

ಆಮೇಲಿನದು ಸುಲಭವಿತ್ತು. ಸುಲಭವಿದ್ದದ್ದೇ ಅವಳನ್ನು ಹೆದರಿಸಿತ್ತು. ರಾತ್ರಿ ಊಟಕ್ಕೆ ಕುಳಿತಾಗ ಗಂಡ ದೊಡ್ಡಬಸವರಾಜ, "ಇವತ್ತು ನೀರು ಎಷ್ಟಿತ್ತು?" ಎನ್ನುವನು. ಅವಳು ಹೇಳುವಳು. "ಹೋದ ವಾರಕ್ಕಿಂತ ಏರೈತಿ," ಎನ್ನುವನು, ರೊಟ್ಟಿ ಮುರಿಯುತ್ತ, ಸಮಾಧಾನದಿಂದ. ಡಿಸೆಂಬರ್ ಕೊನೆಗೆ ದುರುಗಣ್ಣ ಎದ್ದು ಓಡಾಡಿದ. ಜನವರಿಯಲ್ಲಿ ಅವಳನ್ನು ಓಡಾಟದ ಕೆಲಸದಿಂದ ಬಿಡಿಸಿ ಅಂಕಿಗಳ ಮೇಜಿಗೆ ಹಾಕಿದರು. ಅವಳ ಅಚ್ಚುಕಟ್ಟುತನ ನೋಡಿ ಹಾಕಿದರೆಂದು ಎಲ್ಲರಿಗೂ ಹೇಳಿಕೊಂಡಳು.

ಆ ದಿನದಿಂದ ಇಪ್ಪತ್ತನಾಲ್ಕು ಸಾಲು ಅವಳದೇ ಕಾವಲಿನಲ್ಲಿ ಇದ್ದವು. ಬೇರೆಯವರ ಒಂದು ಅಂಕಿ ಜಾರಿದರೂ ಮೂರು ಪತ್ರ ಬರೆಯುವ ದಾಕ್ಷಾಯಣಿ, ಆ ಪುಟ ಬಂದಾಗ ಬೇಗ ಬೇಗ ಕೆಳಗಿಳಿಯುತ್ತಿದ್ದಳು, ಪರಿಚಯದ ಮನೆಯ ಮುಂದೆ ತಲೆತಗ್ಗಿಸಿ ಹೋಗುವವರ ಹಾಗೆ.

ಸಿರುಗುಪ್ಪದಲ್ಲಿ ಇಳಿದಾಗ ಹನ್ನೊಂದು. ಕರೂರಿನ ಬಸ್ಸು ಒಂದೂವರೆಗೆ ಬಂತು. ದಾರಿಯಲ್ಲಿ ಕೊಯ್ಲಿನ ಯಂತ್ರ ಅಡ್ಡ ನಿಂತಿತ್ತಂತೆ. ಹೋಟೆಲ್ಲು ಈಗ ಮೊಬೈಲ್ ಅಂಗಡಿಯಾಗಿತ್ತು. ಅವಳಿಗೆ ಒಂದೇ ಹೆದರಿಕೆ: ಕಾಲು ಏಳದಿದ್ದರೆ?

"ಎಕ್ಕಂಡಿ, ಎಕ್ಕಂಡಿ! ಒಳಗ ಸರೀರಿ!" ಕಂಡಕ್ಟರ್ ತೆಲುಗಿನಲ್ಲಿ ಹತ್ತಲು, ಕನ್ನಡದಲ್ಲಿ ಸರಿಯಲು ಕೂಗಿದ.

ಕಾಲು ಎದ್ದಿತು. ಹಿಂದಿನಿಂದ ಯಾರೋ ನೂಕಿದ್ದರು. ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ ತಿಳಿಯಲಿಲ್ಲ.

ಪಕ್ಕದಲ್ಲಿ ಕುಡುಗೋಲು ಸೆರಗಿಗೆ ಸುತ್ತಿಕೊಂಡ ಹೆಂಗಸು. "ಯಾವೂರವ್ವಾ?"

"ಬಳ್ಳಾರಿ."

"ಕರೂರಾಗ ಯಾರದಾರ?"

"ಯಾರೂ ಇಲ್ಲ. ಕೆರಿ ನೋಡಾಕ."

ಹೆಂಗಸು ಹಿಂದಿನ ಸೀಟಿಗೆ ತಿರುಗಿದಳು. "ಕೇಳಿದೇನ ವಿರೂಪಮ್ಮಾ, ಬಳ್ಳಾರಿಂದ ನಮ್ಮೂರ ಕೆರಿ ನೋಡಾಕ ಬಂದಾಳಂತ."

"ನೋಡ್ಲಿ ಬಿಡು," ವಿರೂಪಮ್ಮ ಎಂದಳು. "ಹೆಣ್ಣಾ ಗಂಡಾ ಕೇಳು. ಒಪ್ಪಿಗಿ ಆದ್ರ ಎಲಿ ಅಡಿಕಿ ತರಿಸೋಣು."

ಬಸ್ಸಿನ ಅರ್ಧ ನಕ್ಕಿತು. ದಾಕ್ಷಾಯಣಿಯೂ ನಕ್ಕಳು. ನಗುವಾಗ ತಾನು ಇವರ ಜೊತೆ ಇದ್ದೇನೆ ಎಂದು ಒಂದು ಗಳಿಗೆ ಅನ್ನಿಸಿತು; ನಗು ನಿಂತ ಮೇಲೆ ಯಾರೂ ಅವಳತ್ತ ನೋಡಲಿಲ್ಲ.

*

ದುರುಗಣ್ಣನಿಗೆ ಎಪ್ಪತ್ತು ದಾಟಿತ್ತು. ಕಟ್ಟೆಯ ಮೇಲೆ ಕುಳಿತಿದ್ದವನು ಅವಳನ್ನು ದನಿಯಿಂದ ಗುರುತು ಹಿಡಿದು ಏಳಲು ಹೋದ. ಕಾಲು ಇನ್ನೂ ಸೊಟ್ಟಗಿತ್ತು. ಹೆಂಡತಿ ಹನುಮಮ್ಮ ಮೊರ ಕೆಳಗಿಟ್ಟು ಚಾಪೆ ಹಾಸಿದಳು.

"ಮೇಡಂನೋರು ತಾವಾ ಬಂದೀರಿ ಅಂದ್ರ," ದುರುಗಣ್ಣ ಅಳುಕುತ್ತ ಕೇಳಿದ, "ನನ್ನ ನಂಬರು ಏನರ ತಪ್ಪ್ಯಾವೇನ್ರಿ?"

"ತಪ್ಪಿಲ್ಲ ದುರುಗಣ್ಣಾ. ಸೊನ್ನೆ, ಐದು ಭಾಳ ಅದಾವು. ಯಾಕ ಅಂತ ಕೇಳ್ಯಾರ."

"ಯಾರು?"

"ಕಂಪ್ಯೂಟರ್."

ಅವನು ಇದನ್ನು ಗೌರವದಿಂದ ಯೋಚಿಸಿದ. "ಅದು ಕೆರಿ ನೋಡೈತೇನ್ರಿ?"

"ಇಲ್ಲ."

"ಅದಕ್ಕ ಕೇಳ್ತೈತಿ. ನೀರು ಅಂದ್ರ ಅಲ್ಲಾಡತಿರ್ತಾವ್ರಿ. ಈ ಕಡಿ ಮೂರು ಬೊಟ್ಟು, ಆ ಕಡಿ ಮೂರು ಬೊಟ್ಟು. ಅಲ್ಲಾಡೋ ನೀರಿಗೆ ನಲವತ್ಮೂರು, ನಲವತ್ನಾಕು ಅಂತ ನಾ ಯಾವ ಬಾಯಿಲೆ ಹೇಳ್ಲಿ? ಸುಳ್ಳಾಗ್ತೈತಿ. ಸಣ್ಣ ಗೀಟು ತುಕ್ಕು ತಿಂದು ಎಷ್ಟ ವರ್ಷಾತು. ದೊಡ್ಡ ಗೀಟಿಗೆ ಮುಟ್ಟಿದ್ರ ಸೊನ್ನಿ, ನಡುವಿಂದಕ್ಕ ಮುಟ್ಟಿದ್ರ ಐದು. ಮುಟ್ಟಿದ್ದಷ್ಟಾ ಬರದೀನಿ."

ಅವಳು ಬರೆದುಕೊಂಡಳು. ವಾಕ್ಯಗಳನ್ನು ಸರಿಮಾಡಲು ಹೋಗಿ, ಬಿಟ್ಟಳು. ಓದಿ ಹೇಳಿದಳು. ದುರುಗಣ್ಣ ಕಾಗದವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಕಟ್ಟಿ ಸಹಿ ಮಾಡಿದ. ಸಹಿಯ ನಂತರ ಅವನ ಭುಜ ಇಳಿಯಿತು. "ಹಂಗಾದ್ರ ನಾ ಬರದದ್ದು ಉಳೀತೈತಿ?"

"ಉಳೀತೈತಿ."

"ಸಾಕು. ಬೆಳಿಗ್ಗೆ ಏರಿ ಮ್ಯಾಲೆ ಇಕಿಗೆ ಆಫೀಸಿನ ಫೋನ್ ಬಂದಾಗಿಂದ ಅನ್ನ ಗಂಟಲಾಗ ಇಳೀಲಿಲ್ರಿ."

ಈಗ ಎದ್ದು ಹೋಗಬಹುದಿತ್ತು. ಕೆಲಸ ಮುಗಿದಿತ್ತು. ಆದರೆ ಆ ಸಹಿ ಒಣಗುತ್ತಿರುವುದನ್ನು ನೋಡುತ್ತ ದಾಕ್ಷಾಯಣಿಯ ಬಾಯಿ ತಾನಾಗಿ ತೆರೆಯಿತು. "ನೀವು ಬಿದ್ದ ವರ್ಷ, ದುರುಗಣ್ಣಾ. ಆ ಆರು ತಿಂಗಳು. ಅವು..."

"ಅವು ಇಕಿವು," ದುರುಗಣ್ಣ ಹೆಂಡತಿಯತ್ತ ಗದ್ದ ಎತ್ತಿದ. "ಅದನ್ನೂ ಬರೀಬೇಕಾಗಿತ್ತೇನ್ರಿ? ನಾ ಮರ್ತೆ."

"ಯಾರವು?"

"ಹನುಮಮ್ಮನವು. ನೀವು ಎರಡು ವಾರ ಬಂದ್ರಿ. ಆಮ್ಯಾಲೆ ಬರ್ಲಿಲ್ಲ."

ಹನುಮಮ್ಮ ಮೊರ ಎತ್ತಿಕೊಂಡಳು. "ಆ ಬುಧವಾರ ಮಧ್ಯಾನ್ನದ ತನಕ ಹಾದಿ ನೋಡಿದ್ನೆವ್ವಾ, ಚಾ ಕಾಸಿ ಇಟ್ಟು. ಇವರು ಮಂಚದಾಗ ಬಿದ್ಕೊಂಡು ಒಂದಾ ಸವನ ಬಾಯಿ. ಬುಧವಾರ ಖಾಲಿ ಹೋತು, ಬುಧವಾರ ಖಾಲಿ ಹೋತು. ಸತ್ತೋರ ಮನಿಯಾಗೂ ಇಷ್ಟು ಅಳಂಗಿಲ್ಲ. ಈ ಕಾಟ ಯಾಕ ಬೇಕು ಅಂತ ನಾನಾ ಎದ್ದು ಹೋದೆ."

"ಓದಾಕ ಬರ್ತಿತ್ತಾ?"

"ಅಕ್ಷರ ಬರಂಗಿಲ್ಲ. ಅಂಕಿ ಬರಂಗಿಲ್ಲೇನು? ಬಸ್ಸಿನ ನಂಬರ್ ಯಾರು ಓದಿ ಹೇಳ್ತಾರ ನನಗ?"

"ಓದಿ, ಆಮ್ಯಾಲೆ?"

"ಆಮ್ಯಾಲೇನು, ಫೋನ್. ನಿಮ್ಮ ಆಫೀಸಿಗೆ. ಅಮರೇಶಪ್ಪ ಬರಕೊಂತಿದ್ದ."

"ನಾ..."

"ನೀವಿರ್ತಿರಲಿಲ್ಲ. ಬುಧವಾರ ಮೇಡಂ ಇರಂಗಿಲ್ಲವ್ವಾ, ನಿಮ್ಮೂರ ಕೆರಿಗೇ ಬಂದಾರ ಅಂತಿದ್ದ."

ದುರುಗಣ್ಣ ಕೆಮ್ಮುತ್ತ ನಕ್ಕ. "ಯಾವ ಕೆರಿಗೆ ಬರ್ತಿದ್ರೋ ನಾವು ಕೇಳಾಕ ಹೋಗ್ಲಿಲ್ಲ ಬಿಡ್ರಿ. ಕೆರಿ ಬೇಕಾದಷ್ಟು ಅದಾವು."

ದಾಕ್ಷಾಯಣಿ ತಲೆ ಎತ್ತಿ ನೋಡಿದಳು. ಇಬ್ಬರ ಮುಖದಲ್ಲೂ ಕೊಂಕು ಇರಲಿಲ್ಲ. ಅದು ಅವರಿಗೆ ಯಾವಾಗಲೋ ಮುಗಿದುಹೋದ, ಮಳೆಗಾಲದಲ್ಲಿ ಒಮ್ಮೆ ಸೋರಿ ನಿಂತ ಸೂರಿನಂಥ ಸಂಗತಿ.

"ಒಂದು ಸಲ ಮಾತ್ರ ಜೀವ ಕೈಯಾಗ ಬಂದಿತ್ತು," ಹನುಮಮ್ಮ ಜೊಳ್ಳು ತೂರುತ್ತ ಹೇಳಿದಳು. "ನೀರು ತುಂಬೋ ಹಬ್ಬದ ಮರುದಿನ. ರಾತ್ರೆಲ್ಲ ಒಂದಾ ಸವನ ಬಡಿದಿತ್ತು. ಕೋಡಿ ಬಿದ್ದಿತ್ತು. ಏರಿ ಮ್ಯಾಲೆ ಊರ ಮಂದಿ, ಹೋಗಬ್ಯಾಡಲೇ ಹನುಮೀ ಅಂತ ಒದರ್ತಾರ. ಎದಿಮಟ ನೀರಾಗ ನಿಂತು ಓದಿದ್ನೆವ್ವಾ. ಎರಡು ನೂರಾ ಹತ್ತು. ಅದಕ್ಕಿಂತ ಮ್ಯಾಲೆ ಹಿಂದೂ ಓದಿಲ್ಲ, ಮುಂದೂ ಓದಿಲ್ಲ."

"ಇಪ್ಪತ್ತೇಳು ವರ್ಷದಾಗ ಅದೊಂದಾ ದಿನ," ದುರುಗಣ್ಣ ಎಂದ. ಸ್ವಲ್ಪ ಹೊಟ್ಟೆಕಿಚ್ಚಿನಿಂದ: "ನಾ ಮಂಚದಾಗಿದ್ದೆ."

ಆ ದಿನ ದಾಕ್ಷಾಯಣಿಗೆ ನೆನಪಿತ್ತು. ಸಿರುಗುಪ್ಪದಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಹಬ್ಬದ ಸಾಮಾನು ಕೊಳ್ಳುವುದಿತ್ತು. ಅವಸರದಲ್ಲಿ ನಿಂತೇ ಬರೆದಿದ್ದಳು. ನೂರಾ ಐವತ್ತೆಂಟು.

*

ಮನೆಯಲ್ಲಿ ಸಿಗ್ನಲ್ ಇರಲಿಲ್ಲ. ಎಮ್ಮೆ ಹೊಡೆದುಕೊಂಡು ಬರಲು ಹೊರಟ ಹನುಮಮ್ಮನ ಹಿಂದೆ ಅವಳು ಕೆರೆ ಏರಿ ಹತ್ತಿದಳು. ನಾಲ್ಕು ಗಂಟೆ. ಹೇಳಿಕೆಯ ಫೋಟೋ ಕಳಿಸಿ, ಅದು ಹೋಯಿತೆಂಬ ಗುರುತು ಬಿದ್ದ ಮೇಲೆ ಅಮರೇಶ್‌ಗೆ ಫೋನ್ ಮಾಡಿದಳು.

"ಫೋನಿನ ರಿಜಿಸ್ಟರ್ ಅಂತ ಒಂದಿತ್ತಲ್ಲ. ಹನ್ನೊಂದು ವರ್ಷದ ಹಿಂದಿಂದು."

"ಐತ್ರಿ. ನನ್ನ ಹಿಂದಿನ ಕಪಾಟಿನ್ಯಾಗ." ಕಪಾಟು ತೆಗೆದ ಸದ್ದು ಬಹಳ ಬೇಗ ಬಂತು. "ಕರೂರಿಂದಾ? ಓದ್ಲೇನ್ರಿ?"

"ಓದು."

"ಜುಲೈ ಒಂಬತ್ತು, ನೂರಾ ನಲವತ್ತೈದು."

ನೂರಾ ನಲವತ್ಮೂರು, ಅವಳು ಮನಸ್ಸಿನಲ್ಲಿ ಅಂದಳು. ತನ್ನ ಇಪ್ಪತ್ತನಾಲ್ಕು ಅಂಕಿಗಳೂ ಅವಳಿಗೆ ಬಾಯಿಪಾಠ.

"ಜುಲೈ ಹದಿನಾರು, ನೂರಾ ನಲವತ್ತೈದು. ಇಪ್ಪತ್ಮೂರು, ನೂರಾ ಐವತ್ತು."

ನೂರಾ ನಲವತ್ತೇಳು. ನೂರಾ ಐವತ್ತೊಂದು. ಎರಡು ಕಡಿಮೆ, ಎರಡು ಹೆಚ್ಚು, ಒಂದು ಹೆಚ್ಚು. ನೋಡದೆ ಬರೆದದ್ದಕ್ಕೂ ನೋಡಿ ಬರೆದದ್ದಕ್ಕೂ ಇಷ್ಟೇ ಅಂತರ. ಅವಳ ಎದೆಯಲ್ಲಿ ಒಂದೊಂದೇ ಗಂಟು ಬಿಚ್ಚುತ್ತಿತ್ತು. ಪ್ರತಿ ಗಂಟು ಬಿಚ್ಚಿದಾಗಲೂ ಒಳಗೆ ಏನೂ ಕಟ್ಟಿರಲಿಲ್ಲ ಎಂದು ಗೊತ್ತಾಗುತ್ತಿತ್ತು.

"ಅಕ್ಟೋಬರ್ ಇಪ್ಪತ್ತೆರಡು," ಅವಳೇ ಕೇಳಿದಳು.

"ಎರಡು ನೂರಾ ಹತ್ತು. ಪಕ್ಕಕ್ಕ ಬರದೀನ್ರಿ, ಕೋಡಿ ಬಿದ್ದೈತಿ ಅಂತ."

"ನಾ ಬರದದ್ದೂ ನೋಡಿದ್ದಿಯಲ್ಲಾ ಅಮರೇಶ್?"

"ನೋಡಿದ್ದೆ. ಹೆಚ್ಚೂ ಕಮ್ಮಿ ಸರಿ ಇತ್ತಲ್ರಿ, ಸುಮ್ನಾದೆ. ನಿಮಗ ಹೇಳಿ ಮನಸ್ಸು ಯಾಕ ಕೆಡಸೋದು... ಸರ್ ಕೇಳಾಕ ಹತ್ಯಾರ, ಕೊಡ್ತೀನಿ."

ಕೊಟ್ಟೂರಪ್ಪನವರ ದನಿ ಹಬ್ಬದ ದನಿಯಾಗಿತ್ತು. "ಭಾಳ ಚಲೋ ಹೇಳಿಕೆ ರೀ! ಮುಟ್ಟಿದ್ದಷ್ಟಾ ಬರದೀನಿ. ಫೈಲು ಸೇರಿಸೋರಿಗೂ ಹಿಡಿಸೈತಿ. ಕೆಂಪು ತಗದು ಹಳದಿ ಹಾಕ್ಯಾರ. ಒರಟು ಅಳತೆ, ಆದ್ರ ನಂಬಬಹುದು ಅಂತ. ನಿಮ್ಮ ಕೆಲಸ ಮುಗೀತು, ಆರಾಮ ಬರ್ರಿ."

"ಸರ್, ಆ ಹಸಿರು ಸಾಲು..."

"ಅದಾ?" ಅವರು ಕುರ್ಚಿಗೆ ಒರಗಿದ ಸದ್ದು. "ಅದು ಹಳೇ ಕಥಿ. ಅಮರೇಶ್ ಅವತ್ತಾ ಹೇಳಿದ್ದ."

"ನಿಮಗ ಗೊತ್ತಿತ್ತು."

"ಗೊತ್ತಿರದಿದ್ರ ನಿಮ್ಮನ್ನ ಬಸ್ ಬಿಡಿಸಿ ಮೇಜಿಗೆ ಯಾಕ ಹಾಕ್ತಿದ್ದೆ? ಹೊಸಾ ಹುಡುಗಿ, ಒಂದು ತಪ್ಪು ಮಾಡ್ಯಾಳ, ಬ್ಯಾರೆಯವರ ತಪ್ಪು ಹುಡುಕಾಕ ಇಂಥವರಾ ಬೇಕು ಅಂತ ಹಾಕಿದ್ದು. ಚಲೋನಾ ಆತಲ್ಲ. ನಿಮ್ಮಂಗ ಡೇಟಾ ಕಾಯೋರು ಯಾರದಾರ?"

ಅವಳು ಏನೋ ಹೇಳಬೇಕಿತ್ತು. "ಅಕ್ಟೋಬರ್ ಇಪ್ಪತ್ತೆರಡಕ್ಕ ಕೋಡಿ ಬಿದ್ದಿತ್ತು ಸರ್. ಎರಡು ನೂರಾ ಹತ್ತು. ನಮ್ಮ ಫೈಲಿನ್ಯಾಗ ಅವತ್ತು ಏನೂ ಆಗಿಲ್ಲ."

"ಸಾವಿರದ ನಾನೂರು ದಿನದಾಗ ಒಂದು ದಿನ. ಸರಾಸರಿ ಅಲ್ಲಾಡಂಗಿಲ್ಲ."

"ರಿಜಿಸ್ಟರ್ ಐತಲ್ಲ ಸರ್. ಬದಲು ಮಾಡಬಹುದು."

"ಮಾಡಬಹುದು. ಬದಲು ಮಾಡಿದ್ರ ಯಾಕ ಅಂತ ಬರೀಬೇಕು, ಯಾರು ಅಂತ ಬರೀಬೇಕು. ಆ ಸಾಲಿಗೂ ದುರುಗಣ್ಣನ ಹೆಸರಾ ಐತಿ, ಅವನ ಹೇಳಿಕೀನೂ ಮತ್ತ ಪರೀಕ್ಷಾಕ್ಕ ಹೋಗ್ತೈತಿ. ಅಂವಗ ಮತ್ತ ಕೆಂಪು ಬೀಳಬಹುದು, ಬೀಳದಿರಬಹುದು. ನಾ ಬ್ಯಾಡ ಅನ್ನಂಗಿಲ್ಲ." ಅವರು ಮೃದುವಾದರು. ಆ ಮೃದುತನವನ್ನು ತಡೆದುಕೊಳ್ಳುವುದು ಕಷ್ಟವಾಯಿತು. "ಐದರೊಳಗ ಒಂದು ಮಾತು ಹೇಳ್ರಿ. ಹೇಳದಿದ್ರ ತಾನಾ ಲಾಕ್ ಆಗ್ತೈತಿ."

ಫೋನ್ ಇಟ್ಟ ಮೇಲೆ ಅವಳು ಏರಿಯ ಕಲ್ಲಿನ ಮೇಲೆ ಕುಳಿತಳು. ಮೈ ಹಗುರವಾಗಿತ್ತು, ಜ್ವರ ಬಿಟ್ಟ ಬೆಳಗಿನ ಹಾಗೆ. ಹಸಿವಾಯಿತು. ಗಾಳಿಗೆ ಭತ್ತದ ಹುಲ್ಲಿನ ವಾಸನೆ. ಯಾರಿಗೂ ಕೋಪವಿರಲಿಲ್ಲ. ಯಾರೂ ಅವಳನ್ನು ಹಿಡಿಯಲು ಹನ್ನೊಂದು ವರ್ಷದಿಂದ ಬಂದಿರಲಿಲ್ಲ, ಬರುತ್ತಲೂ ಇರಲಿಲ್ಲ. ಕೆರೆ ಇದೆ, ನೀರಿದೆ, ದುರುಗಣ್ಣನ ಅಂಕಿಗಳು ಉಳಿದವು. ಇಷ್ಟು ನೆಮ್ಮದಿಯಿಂದ ಅವಳು ಎಂದಾದರೂ ಕುಳಿತದ್ದುಂಟೇ?

ಆಮೇಲೆ ಮೆಲ್ಲಗೆ, ಹಲ್ಲು ಕಿತ್ತ ಜಾಗಕ್ಕೆ ನಾಲಗೆ ಹೋಗುವಂತೆ, ಅವಳ ಮನಸ್ಸು ಆ ಗುಟ್ಟಿದ್ದ ಕಡೆಗೆ ಹೋಯಿತು. ಬರಿದು. ಗಂಡನ ಪಕ್ಕ ಮಲಗಿದಾಗ, ಸಭೆಗಳಲ್ಲಿ ಚಪ್ಪಾಳೆ ಬಿದ್ದಾಗ, ಇವರಿಗೆಲ್ಲ ಗೊತ್ತಿರದ ಒಬ್ಬಳು ನನ್ನೊಳಗಿದ್ದಾಳೆ ಎಂದುಕೊಳ್ಳುತ್ತಿದ್ದಳಲ್ಲ, ಆ ಒಬ್ಬಳು. ಅವಳನ್ನು ಎಲ್ಲರೂ ಮೊದಲೇ ನೋಡಿದ್ದರು. ನೋಡಿ, ಕಪಾಟಿನಲ್ಲಿಟ್ಟು, ಚಹಾ ಕುಡಿಯಲು ಹೋಗಿದ್ದರು. ಹೇಳಿಕೊಳ್ಳಲು ಈಗ ಅವಳ ಹತ್ತಿರ ತಪ್ಪೂ ಉಳಿದಿರಲಿಲ್ಲ. ಉಳಿದದ್ದು ಒಂದು ದಿನ. ಅದು ಅವಳದಲ್ಲ, ಎದೆಮಟ್ಟ ನೀರಿನಲ್ಲಿ ನಿಂತ ಹೆಂಗಸಿನದು.

ಆ ಹೆಂಗಸು ಎಮ್ಮೆ ಹೊಡೆದುಕೊಂಡು ಏರಿಯ ಕೆಳಗೆ ಬರುತ್ತಿದ್ದಳು. ದಾಕ್ಷಾಯಣಿ ಫೋನ್ ನೋಡಿದಳು. ನಾಲ್ಕೂ ಐವತ್ತೆರಡು. ಮುಖ್ಯಸ್ಥರ ಹೆಸರಿನ ಮೇಲೆ ಹೆಬ್ಬೆರಳು ಇಟ್ಟಳು. ಒತ್ತಲಿಲ್ಲ, ತೆಗೆಯಲೂ ಇಲ್ಲ.

"ಹನುಮಮ್ಮಾ," ಏನೋ ಕೇಳಬೇಕೆಂದು ಕೇಳಿದಳು, "ಅಲ್ಲಿ ನೀರಾಗ ನಿಂತಾರಲ್ಲ, ಅವರು ಯಾರು?"

ಹನುಮಮ್ಮ ಹಣೆಗೆ ಕೈ ಹಿಡಿದು ನೋಡಿ ನಕ್ಕಳು. "ಮನುಷ್ಯಾ ಅಲ್ಲವ್ವಾ. ಬೆದರುಬೊಂಬಿ. ಮೀನು ಹಿಡಿಯೋ ಗುತ್ತಿಗಿಯವರು ಡ್ರಮ್ಮಿನ ಮ್ಯಾಲೆ ನಿಲ್ಲಿಸ್ಯಾರ, ನೀರುಕಾಗಿ ಬರಬಾರದಂತ. ಮೊದಲನೇ ವಾರ ಹೆದರಿದ್ವು. ಆಮ್ಯಾಲೆ ಅವಕ್ಕ ತಿಳೀತು."

ಕೆರೆಯ ನಡುವೆ ಅದು ಬಿಳಿ ತುಂಬುತೋಳಿನ ಅಂಗಿ ತೊಟ್ಟು, ಎರಡೂ ಕೈ ಚಾಚಿ ತೇಲುತ್ತಿತ್ತು. ಎಡಗೈಯ ಮೇಲೆ ಮೂರು ಹಕ್ಕಿ, ಬಲಗೈಯ ಮೇಲೆ ಎರಡು. ಅಂಗಿಯ ಹೆಗಲು ಹಿಕ್ಕೆಯಿಂದ ಗಟ್ಟಿಯಾಗಿತ್ತು. ತಲೆಯ ಮೇಲೆ ಕುಳಿತ ಒಂದು ನೀರುಕಾಗೆ ಈಗಷ್ಟೇ ಮುಳುಗೆದ್ದು ಬಂದು, ಒದ್ದೆ ರೆಕ್ಕೆಗಳನ್ನು ಅಗಲಿಸಿ ಬಿಸಿಲಿಗೆ ಒಡ್ಡಿತ್ತು. ಗಾಳಿ ಎದ್ದಿತು. ಡ್ರಮ್ಮು ಸಾವಕಾಶ ತಿರುಗಿ, ಬೊಂಬೆ ಏರಿಯ ಕಡೆ ಮುಖ ಮಾಡಿತು. ಮುಖವಿದ್ದಲ್ಲಿ ಹುಲ್ಲು ತುಂಬಿದ ಚೀಲವಿತ್ತು.

ಹಕ್ಕಿಗಳು ಅದರೊಂದಿಗೇ ತಿರುಗಿದವು. ಒಂದೂ ಏಳಲಿಲ್ಲ.